ಜಪಾನಿನ ಮಿಕ್ಸ್ಚರು

ಜಪಾನಿನವರು ಏನಾದರೂ ಕೊಟ್ಟರೆ ಎರಡೂ ಕೈಯಿಂದ ಕೊಡುತ್ತಾರೆ, ಸೊಂಟದವರೆಗೂ ಬಾಗಿ ಕೊಡುತ್ತಾರೆ. ಹಾಗೆ ಬಾಗಿದವರಿಗೆ ಬೇಡ ಎನ್ನುವುದು ಹೇಗೆ? ಶಿಡ್ಲಘಟ್ಟದ ಗುಮಾಸ್ತ ವರದರಾಜನ ತಾಪತ್ರಯ ಶುರುವಾದದ್ದು ಅಲ್ಲಿಂದಲೇ.

ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಸರ್ಕಾರಿ ಬಿತ್ತನೆ ಕೋಠಿಯಲ್ಲಿ ಅವನ ಕೆಲಸ. ಅಲ್ಲಿಗೆ ಜಪಾನಿನಿಂದ ಮೊರಿಟ ಎಂಬ ಹುಳುಪಂಡಿತ ಬಂದಿದ್ದ. ಜಂಗಮಕೋಟೆಯ ಹುಳುಮನೆಗಳನ್ನೆಲ್ಲ ಅವನಿಗೆ ತೋರಿಸಿಕೊಂಡು ಬಂದವನು ವರದರಾಜ. ಶನಿವಾರ ಬೆಂಗಳೂರಿಗೆ ಹೊರಡುವಾಗ ಮೊರಿಟ ಗಂಟು ಕಟ್ಟಿದ ಹೂಬಟ್ಟೆಯೊಂದನ್ನು ಅವನ ಕೈಗಿಟ್ಟ. ಒಳಗೆ ಮೂರು ಪುಟ್ಟ ಸೀಸೆಗಳಿದ್ದವು. ಮೂರೂ ಸಾಕೆ, ಅಂದರೆ ಅವರ ನಾಡಿನ ಅಕ್ಕಿ ಮದ್ಯ. ತಿಳಿಯಾದದ್ದನ್ನು ತಣ್ಣಗೆ ಕುಡಿಯಬೇಕು, ಹೊಂಬಣ್ಣದ್ದನ್ನು ಬೆಚ್ಚಗೆ ಮಾಡಿಕೊಳ್ಳಬೇಕು, ಬೆಳ್ಳಗಿರುವುದನ್ನು ಅಲ್ಲಾಡಿಸಿಕೊಳ್ಳಬೇಕು ಎಂದು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ತಿಳಿಸಿದ. ಮಂಗಳವಾರ ತಿರುಗಿ ಬರುತ್ತೇನೆ, ಯಾವುದು ಚೆನ್ನಾಗಿತ್ತು ಎಂದು ನೀನು ಹೇಳಬೇಕು ಎಂದ.

ವರದರಾಜ ಕುಡುಕನಲ್ಲ. ಈಚಲು ಮರವನ್ನು ಕಂಡರೂ ರಸ್ತೆಯ ಆ ಬದಿಗೆ ಸರಿದು ನಡೆಯುವ ಸಂಕೋಚದ ಪ್ರಾಣಿ. ಆದರೆ ಅವನಿಗೆ ಕುತೂಹಲ ಎನ್ನುವ ರೋಗವಿತ್ತು. ಅನ್ನ, ದೋಸೆ, ಇಡ್ಲಿ, ಚಕ್ಕುಲಿ, ಹಪ್ಪಳ ಎಂದು ನಾವು ಅಕ್ಕಿಯನ್ನು ಇಷ್ಟೆಲ್ಲ ಗೋಳುಹೊಯ್ದುಕೊಂಡಿದ್ದೇವೆ. ನಮಗೆ ಕಾಣದ್ದು ಅದರಲ್ಲಿ ಅವರಿಗೇನು ಕಂಡಿತು? ಒಂದೇ ಧಾನ್ಯದಲ್ಲಿ ಮೂರು ರುಚಿ ಹೇಗೆ? ಈ ಯೋಚನೆಯಲ್ಲಿ ಶನಿವಾರ ರಾತ್ರಿ ಅವನಿಗೆ ನಿದ್ದೆಯೇ ಬರಲಿಲ್ಲ.

ಕಷ್ಟವೆಂದರೆ ಆಗ ಪಾನನಿರೋಧದ ಕಾಲ. ಮನೆಯಲ್ಲಿ ಸೀಸೆ ಸಿಕ್ಕಿದರೆ ಸರ್ಕಾರಿ ಕೆಲಸಕ್ಕೆ ಸಂಚಕಾರ. ಸಾಲದ್ದಕ್ಕೆ ಅವನಿದ್ದ ವಠಾರದ ಮಾಲೀಕರು ಚೆನ್ನರಾಯಪ್ಪನವರು, ಊರಿನ ಪಾನನಿರೋಧ ಪ್ರಚಾರ ಸಮಿತಿಯ ಅಧ್ಯಕ್ಷರು. ಆ ದೊಡ್ಡ ಮನುಷ್ಯರಿಗೆ ಒಂದೇ ಕೊರಗು. ಬೇರೆ ಊರಿನ ಸಮಿತಿಯವರು ಒಬ್ಬೊಬ್ಬ ಕುಡುಕನನ್ನಾದರೂ ತಿದ್ದಿ ವೇದಿಕೆ ಹತ್ತಿಸಿ ಹಾರ ಹಾಕಿದ್ದರು. ಇವರ ಕೈಗೆ ಮಾತ್ರ ಒಬ್ಬನೂ ಸಿಕ್ಕಿರಲಿಲ್ಲ.

ಭಾನುವಾರ ಹೆಂಡತಿ ಜಾನಕಮ್ಮ ತಂಗಿಯ ಸೀಮಂತಕ್ಕೆಂದು ಚಿಂತಾಮಣಿಗೆ ಹೋದಳು. ಸಂಜೆ ಬಸ್ಸಿಗೆ ವಾಪಸು ಬರುವವಳು. ವರದರಾಜ ಬಾಗಿಲು ಹಾಕಿಕೊಂಡು, ಆಸ್ಪತ್ರೆಯ ಮಿಕ್ಸ್ಚರಿನ ಹಳೆಯ ಬಾಟಲಿಗಳನ್ನು ಹುಡುಕಿ ತೆಗೆದ. ಒಂದೊಂದು ಸಲಕ್ಕೆ ಎಷ್ಟು ಕುಡಿಯಬೇಕೆಂದು ತೋರಿಸಲು ಗೆರೆ ಕತ್ತರಿಸಿದ ಕಾಗದದ ಪಟ್ಟಿ ಅವುಗಳ ಮೇಲೆ ಇನ್ನೂ ಅಂಟಿಕೊಂಡಿತ್ತು. ಮೂರು ಸಾಕೆಯನ್ನೂ ಅವಕ್ಕೆ ಬಗ್ಗಿಸಿ, ಜಪಾನಿನ ಸೀಸೆಗಳನ್ನು ಹಿತ್ತಲಿನ ಹಾಳು ಬಾವಿಗೆ ಹಾಕಿ ಬಂದ. ತನ್ನ ಬುದ್ಧಿವಂತಿಕೆಗೆ ತಾನೇ ಬೆನ್ನು ತಟ್ಟಿಕೊಳ್ಳುವಷ್ಟು ಖುಷಿಯಾಯಿತು.

ಮೊದಲು ಹೊಂಬಣ್ಣದ್ದು. ಚೆಂಬಿನಲ್ಲಿ ನೀರು ಕಾಯಿಸಿ ಬಾಟಲಿಯನ್ನು ಅದರಲ್ಲಿ ನಿಲ್ಲಿಸಿದ. ಆಗ ತಾನೇ ಬೆಂದ ಅನ್ನದ ಪಕ್ಕದಲ್ಲಿ ಯಾರೋ ಬಾಳೆಹಣ್ಣು ಸುಲಿದಂಥ ವಾಸನೆ ಎದ್ದಿತು. ಲೋಟ ತರಲು ಎದ್ದನೋ ಇಲ್ಲವೋ, ಅಗುಳಿ ಹಾಕಲು ಮರೆತ ಬಾಗಿಲು ತಳ್ಳಿಕೊಂಡು ಪಕ್ಕದ ಮನೆಯ ಅಮ್ಮಾಜಮ್ಮ ಒಳಗೆ ಬಂದರು.

ಅಮ್ಮಾಜಮ್ಮನಿಗೆ ಮಂಡಿನೋವು, ಆದರೆ ಮೂಗು ಬಲು ಚುರುಕು. ತುಂಬು ಹೃದಯದ ಹೆಂಗಸು. ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸಿದವರಲ್ಲ. ಸಕ್ಕರೆ ಸಾಲ ತಂದ ಬಟ್ಟಲಲ್ಲಿ ಏನೂ ಇಲ್ಲದಿದ್ದರೆ ನಾಲ್ಕು ಹುಣಸೆಬೀಜವನ್ನಾದರೂ ಹಾಕಿ ಕೊಡುತ್ತಿದ್ದರು.

"ಏನಪ್ಪಾ ವರದರಾಜ, ಒಲೆ ಮುಂದೆ ಕೂತಿದ್ದೀಯ? ಏನೋ ಕಾಯಿಸ್ತಾ ಇದ್ದೀಯ?"

"ಔಷಧಿ ಅಮ್ಮಾ. ನೆಗಡಿಗೆ."

"ಯಾವ ಡಾಕ್ಟ್ರು ಕೊಟ್ಟಿದ್ದು?"

"ಜಪಾನಿನೋರು."

"ಜಪಾನ್ ಡಾಕ್ಟ್ರಾ! ಹಂಗಾದ್ರೆ ನನ್ನ ಮಂಡಿಗೂ ಒಂದು ಗೆರೆ ಹಾಕಪ್ಪ."

"ಇದು ನೆಗಡಿದು ಅಮ್ಮಾ, ಮಂಡಿದಲ್ಲ."

"ಹೊಟ್ಟೆಗೆ ಹೋದ್ಮೇಲೆ ನೆಗಡಿಗೆ ಹೋಗ್ಬೇಕೋ ಮಂಡಿಗೆ ಹೋಗ್ಬೇಕೋ ಅಂತ ಅದಕ್ಕೇನು ಗೊತ್ತು? ಹಾಕು."

ಹಾಕಿದ. ಅಮ್ಮಾಜಮ್ಮ ಕುಡಿದು ಕಣ್ಣು ಮುಚ್ಚಿ ಕುಳಿತರು.

"ಹೆಂಗಿದೆ ಅಮ್ಮಾ? ಸಿಹಿನಾ, ಒಗರಾ?" ವರದರಾಜ ಆಸೆಯಿಂದ ಬಗ್ಗಿ ಕೇಳಿದ.

"ಒಳಗಡೆ ಯಾರೋ ಕಂಬಳಿ ಹೊದಿಸ್ದಂಗಾಯ್ತು ಕಣೋ. ಇನ್ನೊಂದು ಗೆರೆ ಹಾಕು, ಎಡಗಡೆ ಮಂಡಿಗೆ."

ಎಡಗಡೆಯದೂ ಆಯಿತು. ಅಮ್ಮಾಜಮ್ಮ ನೆಲಕ್ಕೆ ಕೈಯೂರದೆ ಎದ್ದು ಹೋದರು. ಹೋದವರು ಸುಮ್ಮನೆ ಹೋಗಲಿಲ್ಲ, ಸುದ್ದಿಯನ್ನು ವಠಾರದ ಉದ್ದಕ್ಕೂ ಹರಡುತ್ತಾ ಹೋದರು.

ಹಿಂದೆಯೇ ಗೂಡಿನ ವ್ಯಾಪಾರಿ ಕೋನಪ್ಪ ಬಂದ. ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಗಟ್ಟಿಯೋ ಪೊಳ್ಳೋ ಎಂದು ಹೇಳಬಲ್ಲವನು. ತಿಳಿಯಾದ ಬಾಟಲಿಯನ್ನೂ ಹಾಗೇ ಅಲ್ಲಾಡಿಸಿ ನೋಡಿದ. "ಬೆನ್ನುನೋವು ಸಾಮಿ" ಎಂದು ತಾನೇ ಬಗ್ಗಿಸಿಕೊಂಡ.

"ಬಾಗುಂದಯ್ಯಾ, ಚೆನ್ನಾಗಿದೆ! ಮೊದ್ಲು ಬರೀ ನೀರು ಅನ್ಸುತ್ತೆ. ಆಮೇಲೆ ನೀರಲ್ಲ ಅನ್ಸುತ್ತೆ."

"ಮತ್ತೇನು ಅನ್ಸುತ್ತೆ?"

"ಅದು ತಿಳೀಬೇಕಾದ್ರೆ ಇನ್ನೊಂದು ಗೆರೆ ಬೇಕು."

ಎರಡನೆಯ ಗೆರೆಯಲ್ಲೂ ಅದು ತಿಳಿಯಲಿಲ್ಲ. ಮೂರನೆಯದಕ್ಕೆ ಬೆನ್ನು ನೆಟ್ಟಗಾಯಿತು. ವರದರಾಜನ ಕುತೂಹಲ ಮಾತ್ರ ಇನ್ನಷ್ಟು ಡೊಂಕಾಯಿತು. ಕೋನಪ್ಪನನ್ನು ಸಾಗಹಾಕಿ, ಉಳಿದ ಗುಟುಕನ್ನಾದರೂ ಬಾಯಿಗಿಡೋಣವೆಂದು ಲೋಟ ಎತ್ತಿದ. ಬಾಗಿಲಲ್ಲಿ ಖಾದಿ ಟೋಪಿ ಕಾಣಿಸಿತು.

ಸಾಕ್ಷಾತ್ ಚೆನ್ನರಾಯಪ್ಪನವರು! ವರದರಾಜ ಲೋಟವನ್ನು ಬೆನ್ನ ಹಿಂದಕ್ಕೆ ಸರಿಸಿದ.

"ಅದೇನೋ ಜಪಾನ್ ಮಿಕ್ಸ್ಚರು ಇದೆಯಂತಲ್ಲಯ್ಯ? ಸಂಜೆ ಬಸ್‌ಸ್ಟ್ಯಾಂಡ್ ಹತ್ರ ನನ್ನ ಭಾಷಣ ಇದೆ. ಗಂಟಲು ಕಟ್ಟಿಬಿಟ್ಟಿದೆ."

"ಸಾರ್, ಅದು ಸ್ವಲ್ಪ ಖಾರ..."

"ದೇಶಸೇವೆ ಮಾಡೋನಿಗೆ ಖಾರ ಏನು, ಕಹಿ ಏನು?" ಎಂದು ಅಧ್ಯಕ್ಷರು ಬೆಚ್ಚಗಿನದರ ತಳ ಕಾಣಿಸಿದರು. ತಿಳಿಯಾದದ್ದನ್ನೂ ಬಿಡಲಿಲ್ಲ. "ಎರಡನೇದು ಗಂಟಲಿಗೆ ನುಣುಪು. ಮೊದಲನೇದು ಎದೆಗೆ ಧೈರ್ಯ. ಈ ಬಿಳೀದು ಯಾತಕ್ಕೆ?"

ವರದರಾಜ ಹೌಹಾರಿದ. ಉಳಿದಿರುವುದು ಅದೊಂದೇ. "ಅದು... ಅದು ಹೆಂಗಸರ ಔಷಧಿ ಸಾರ್!"

ಅಧ್ಯಕ್ಷರು ಬಿಸಿ ಪಾತ್ರೆ ಮುಟ್ಟಿದವರಂತೆ ಬಾಟಲಿಯನ್ನು ಕೆಳಗಿಟ್ಟುಬಿಟ್ಟರು. ಬಾಗಿಲಾಚೆ ಅಮ್ಮಾಜಮ್ಮನ ಬಳೆ ಸದ್ದಾದದ್ದು ವರದರಾಜನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬಾಟಲಿಯನ್ನು ಗೋಡೆಯ ಗೂಡಿನಲ್ಲಿಟ್ಟು, ಕುರ್ಚಿ ಹಾಕಲು ಜನವಿಲ್ಲವೆಂದು ಎಳೆದುಕೊಂಡು ಹೊರಟ ಅಧ್ಯಕ್ಷರ ಹಿಂದೆ ಹೋಗಲೇಬೇಕಾಯಿತು.

ಅಂದಿನ ಭಾಷಣದಂಥ ಭಾಷಣವನ್ನು ಚೆನ್ನರಾಯಪ್ಪನವರು ಹಿಂದೆಂದೂ ಮಾಡಿರಲಿಲ್ಲ. ಕುಡುಕರ ಹೆಂಡಿರನ್ನು ನೆನೆದು ಗಳಗಳನೆ ಅತ್ತರು. ಮೈಕನ್ನು ತಬ್ಬಿಕೊಂಡು "ಅಪ್ಪಾ, ಕುಡೀಬೇಡ ಕಣಪ್ಪಾ" ಎಂದು ಅದಕ್ಕೇ ಬುದ್ಧಿ ಹೇಳಿದರು. ಜನ ಇನ್ನೂ ಸ್ವಲ್ಪ ಹೊತ್ತು ಮಾತಾಡಿ ಎಂದು ಕೂಗಿದರು.

ವರದರಾಜ ಓಡೋಡುತ್ತ ಮನೆಗೆ ಬಂದ. ಸದ್ಯ, ಬಾಟಲಿ ಗೂಡಿನಲ್ಲೇ ಇತ್ತು! ಕತ್ತಿನವರೆಗೂ ತುಂಬಿತ್ತು. ಇಷ್ಟು ತುಂಬಿತ್ತೇ ಎಂದು ಒಂದು ಗಳಿಗೆ ಅನ್ನಿಸಿದರೂ, ಹಸಿದವನು ಎಲೆಯಲ್ಲಿ ಅನ್ನ ಹೆಚ್ಚಾಯಿತೆಂದು ತಕರಾರು ಮಾಡುತ್ತಾನೆಯೇ? ಅಗುಳಿ ಹಾಕಿ, ಅಲ್ಲಾಡಿಸಿ, ಕಣ್ಣು ಮುಚ್ಚಿ ಮೊದಲ ಗುಟುಕು ಹೀರಿದ.

ಹುಳಿ. ಅದರ ಬೆನ್ನಿಗೇ ಒಂದಿಷ್ಟು ಉಪ್ಪು. ಆಮೇಲೆ ಶುಂಠಿಯಂಥ ಚುರುಕು. ಕೊನೆಗೆ ನಾಲಿಗೆಯ ತುಂಬ ಅಕ್ಕಿ, ಬರೀ ಅಕ್ಕಿ! "ಆಹಾ, ಎಂಥ ಕೈಚಳಕ! ನಮ್ಮವರಿಗೆ ಸಾವಿರ ವರ್ಷವಾದರೂ ಬರುವುದಿಲ್ಲ" ಎಂದುಕೊಂಡು ಕೊನೆಯ ಹನಿಯವರೆಗೂ ಕುಡಿದ. ಕುಡಿದವರ ಕಾಲು ತೂರಾಡುತ್ತದೆಂದು ಕೇಳಿದ್ದ. ಎದ್ದು ನೋಡಿದ, ತೂರಾಡಿತು. ಕಿವಿ ಬಿಸಿಯಾಗುತ್ತದೆಂದು ಕೇಳಿದ್ದ. ಮುಟ್ಟಿ ನೋಡಿದ, ಬಿಸಿಯಾಗಿತ್ತು. ಕುಡಿದವನಿಗೆ ಭಯವಿರುವುದಿಲ್ಲ ಎಂದೂ ಕೇಳಿದ್ದರಿಂದ, ಅಗುಳಿ ತೆಗೆದು ಬಾಟಲಿ ಸಮೇತ ನೇರ ಚೆನ್ನರಾಯಪ್ಪನವರ ಜಗುಲಿಗೆ ನಡೆದ.

"ಏನ್ರೀ ಚೆನ್ನರಾಯಪ್ಪ! ಹೆಂಚು ಸೋರ್ತದೆ ಅಂತ ಎಷ್ಟು ಸಲ ಹೇಳ್ಬೇಕ್ರೀ ನಿಮಗೆ? ಮಳೆಗಾಲದಾಗೆ ಗಂಡ ಹೆಂಡ್ತಿ ಕೊಡೆ ಹಿಡ್ಕೊಂಡು ಮಲಗ್ತೀವಿ! ನಿಮ್ಮ ಎಮ್ಮೆ ಹಾಲಿದೆಯಲ್ಲ, ಅದಕ್ಕೆ ನೀರು ಬೆರೆಸಲ್ಲ ನೀವು, ನೀರಿಗೇ ಹಾಲು ಬೆರೆಸ್ತೀರ!"

ವಠಾರ ಪೂರ್ತಿ ಹೊರಗೆ ಬಂದು ನಿಂತಿತು. ಚೆನ್ನರಾಯಪ್ಪನವರ ಮುಖ ಕೆಂಪಾಯಿತು. ಆದರೆ ಮರುಗಳಿಗೆಯಲ್ಲೇ, ಕಳೆದುಹೋದ ಕರು ಕೊಟ್ಟಿಗೆಗೆ ತಾನೇ ಬಂದದ್ದನ್ನು ಕಂಡವರಂತೆ ಅರಳಿತು.

"ನೀನು ಕುಡಿದಿದ್ದೀಯ!"

"ಹೌದ್ರೀ, ಕುಡಿದಿದ್ದೀನಿ!" ವರದರಾಜ ಖಾಲಿ ಬಾಟಲಿಯನ್ನು ಎತ್ತಿ ತೋರಿಸಿದ.

"ನೋಡಿದ್ರಾ, ಔಷಧಿ ಬಾಟ್ಲಿನಲ್ಲಿ ಬಚ್ಚಿಟ್ಟು ಕುಡಿದಿದ್ದಾನೆ! ಯಾರೂ ಬೈಬೇಡಿ ಇವನನ್ನ" ಎಂದು ಅಧ್ಯಕ್ಷರು ಅವನ ಹೆಗಲ ಮೇಲೆ ಕೈ ಹಾಕಿದರು. "ಇವನು ಆಡಿದ ಮಾತಲ್ಲ, ಹೆಂಡ ಆಡಿದ ಮಾತು. ವರದರಾಜ, ನಿನ್ನ ಆಫೀಸಿಗೆ ನಾನು ಒಂದಕ್ಷರ ಬರೆಯಲ್ಲ. ಮುಂದಿನ ಭಾನುವಾರ ವೇದಿಕೆ ಹತ್ತಿ, ಇನ್ನು ಮುಟ್ಟಲ್ಲ ಅಂತ ಪ್ರಮಾಣ ಮಾಡು. ನಾನೇ ಹಾರ ಹಾಕ್ತೀನಿ. ಹೆಂಚೂ ಹಾಕಿಸ್ತೀನಿ!"

ಕೆಲಸ ಉಳಿಯಿತು, ಹೆಂಚೂ ಬಂತು. ವರದರಾಜನಿಗೆ ಕಣ್ಣಲ್ಲಿ ನೀರೇ ಬಂತು. ಆಗ ಜನರ ನಡುವಿನಿಂದ ಅಮ್ಮಾಜಮ್ಮ ನುಗ್ಗಿಕೊಂಡು ಬಂದರು.

"ಬಾಯಿಗೆ ಬಂದಂಗೆ ಅನ್ಬೇಡಿ! ನಮ್ಮ ವರದರಾಜ ಕುಡಿಯೋ ಹುಡುಗನೇನ್ರೀ? ಆ ಬಾಟ್ಲಿನಾಗಿದ್ದಿದ್ದು ನಾನು ಹಾಕಿದ ಗಂಜಿತಿಳಿ!"

"ಗಂಜಿತಿಳಿ?" ಎಂದರು ಅಧ್ಯಕ್ಷರು.

"ಹೂಂ. ಹೆಂಗಸರ ಔಷಧಿ ಅಂತ ಇವನೇ ಹೇಳಿದ್ನಲ್ಲ? ಗಂಡಸಿಗ್ಯಾಕೆ ಅಂತ ಅದನ್ನ ನಾನೂ ಕೋನಪ್ಪನ ಹೆಂಡ್ತೀನೂ ಕುಡಿದ್ವಿ. ಖಾಲಿ ಬಾಟ್ಲು ಹೆಂಗೆ ತಿರುಗಿ ಇಡೋದು? ಪಾಪ, ನೆಗಡಿ ಆದೋನು ಅಂತ ಹುಳಿ ಬಂದ ಗಂಜಿತಿಳಿಗೆ ಉಪ್ಪು ಶುಂಠಿ ಹಾಕಿ ತುಂಬಿಸಿಟ್ಟೆ. ಬೇಕಾದ್ರೆ ಮೂಸಿ ನೋಡ್ರಿ!"

ಕೋನಪ್ಪ ವರದರಾಜನ ಬಾಯಿಗೆ ಮೂಗಿಟ್ಟು ನೋಡಿದ. "ಗಂಜೀನೇ ಸಾಮಿ" ಎಂದು ತೀರ್ಪು ಕೊಟ್ಟ.

ತೂರಾಡುತ್ತಿದ್ದ ಕಾಲು ಗಕ್ಕನೆ ನಿಂತಿತು. ಅಧ್ಯಕ್ಷರು ಹೆಗಲ ಮೇಲಿನ ಕೈ ತೆಗೆದರು.

"ಅಂದ್ರೆ ನೀನು ಕುಡಿದಿಲ್ಲ."

ವರದರಾಜ ಬಾಯಿ ತೆರೆದ. ನಿಜ ಹೇಳಿದರೆ ಪಾನನಿರೋಧದ ಅಧ್ಯಕ್ಷರಿಗೇ ಮದ್ಯ ಕುಡಿಸಿದ ಅಪರಾಧ. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡ.

"ಕುಡಿದು ಅಂದಿದ್ರೆ ಕ್ಷಮಿಸ್ತಿದ್ದೆ. ನೀನು ಬುದ್ಧಿ ಸ್ಥಿಮಿತದಲ್ಲಿಟ್ಟುಕೊಂಡೇ ಅಂದಿದ್ದೀಯ! ನಾಳೆ ಸಂಜೆ ಒಳಗೆ ಮನೆ ಖಾಲಿ ಮಾಡು."

ಅದೇ ಹೊತ್ತಿಗೆ ಚಿಂತಾಮಣಿ ಬಸ್ಸಿಳಿದು ಬಂದ ಜಾನಕಮ್ಮ, ಚೀಲವನ್ನು ಅಂಗಳದಲ್ಲಿಟ್ಟು ಎಲ್ಲವನ್ನೂ ಕೇಳಿಸಿಕೊಂಡಳು. "ಹಂಗಾದ್ರೆ ಇದನ್ನ ಒಳಗೆ ತರೋದು ಬೇಡವೇನ್ರೀ?" ಎಂದು ಕೇಳಿದಳು.

ಮರುದಿನ ಗಾಡಿಗೆ ಸಾಮಾನು ಹೇರುವಾಗ ಅಮ್ಮಾಜಮ್ಮ ಅಳುತ್ತ ನಿಂತಿದ್ದರು. ಕೈಯಲ್ಲಿ ಜಾನಕಮ್ಮನಿಂದ ಎಂದೋ ತಂದಿದ್ದ ಪಾತ್ರೆ, ಅದರ ತುಂಬ ಹುರಿದ ಕಡಲೆಕಾಯಿ. ವರದರಾಜ ಅದನ್ನು ತೆಗೆದುಕೊಂಡು, ಅತ್ತ ಇತ್ತ ನೋಡಿ, ದನಿ ತಗ್ಗಿಸಿದ. ಮಂಗಳವಾರ ಮೊರಿಟ ಬರುವವನಿದ್ದ.

"ಅಮ್ಮಾ, ಒಂದು ಮಾತು. ಆ ಬಿಳೀ ಔಷಧಿ ರುಚಿ ಹೆಂಗಿತ್ತು?"

ಅಮ್ಮಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನೆನಪು ಮಾಡಿಕೊಂಡರು.

"ಗಂಜಿ ಇದ್ದಂಗೇ ಇತ್ತು ಕಣಪ್ಪ. ಆದ್ರೆ ನಮ್ಮ ಗಂಜಿಯಷ್ಟು ಚೆನ್ನಾಗಿರ್ಲಿಲ್ಲ."