ಹೆಲಿಕಾಪ್ಟರ್ ಹತ್ತಿದವರು

ಎಂಬತ್ತರ ದಶಕದಲ್ಲಿ ನಾನು ಮಸ್ಕತ್ತಿನ ಪೊಲೀಸ್ ಹೆಲಿಕಾಪ್ಟರ್ ವಿಭಾಗದಲ್ಲಿ ಸ್ಟೋರ್ ಕೀಪರ್. ಹಗ್ಗ, ಸ್ಟ್ರೆಚರ್, ಬಿಡಿಭಾಗ ಎಲ್ಲ ನನ್ನ ಸುಪರ್ದಿಯಲ್ಲಿ. ರಜೆಗೆ ಉಡುಪಿಗೆ ಬಂದಾಗ, ಆಕಾಶದಿಂದ ಕಳ್ಳರನ್ನು ಹೇಗೆ ಹಿಡಿಯುತ್ತೀರಿ ಅಂತ ಎಲ್ಲರೂ ಕೇಳುವವರೇ. ಕಳ್ಳರು ನಮಗೆ ಸಿಕ್ಕಿದ್ದು ಕಡಿಮೆ. ಹೆಚ್ಚಾಗಿ ಸಿಗುತ್ತಿದ್ದದ್ದು ಮುಂದೆ ಹೇಳುವಂಥ ಜನ.

೧. ಸ್ವಲ್ಪ ಮುಂದೆ

ಬೆಟ್ಟದಲ್ಲಿ ಮಳೆ ಬಿದ್ದರೆ ಅಲ್ಲಿನ ಒಣಹಳ್ಳ ಒಮ್ಮೆಲೇ ಉಕ್ಕುತ್ತದೆ. ಸುವೈಕ್ ಎಂಬ ಊರಿನಲ್ಲಿ ಅಂಗಡಿ ಇಟ್ಟಿದ್ದ ನಮ್ಮ ಬಂಟ್ವಾಳದ ಬ್ಯಾರಿಯೊಬ್ಬರು ನಡುನೀರಲ್ಲಿ ಸಿಕ್ಕಿಕೊಂಡು ಪಿಕಪ್ಪಿನ ತಲೆಯ ಮೇಲೆ ಕೂತಿದ್ದರು. ನಮ್ಮ ಹೆಲಿಕಾಪ್ಟರಿನಿಂದ ಒಬ್ಬ ಹಗ್ಗದಲ್ಲಿ ಇಳಿದು ಅವರನ್ನು ಮೇಲಕ್ಕೆ ಎತ್ತಿಕೊಂಡ. ಪಾಪ, ಉದ್ದಕ್ಕೂ ಕಣ್ಣು ಮುಚ್ಚಿ ಅಲ್ಲಾಹುವನ್ನು ಕರೆಯುತ್ತಿದ್ದರಂತೆ. ಗಟ್ಟಿ ನೆಲದಲ್ಲಿ ಇಳಿಸಿದ ಮೇಲೆ ಕಣ್ಣು ಬಿಟ್ಟು, ಸುತ್ತ ನೋಡಿ, ಹಿಂದಿಯಲ್ಲಿ ಮೆಲ್ಲಗೆ ಕೇಳಿದರು: "ನನ್ನ ಅಂಗಡಿ ಇಲ್ಲೇ ಸ್ವಲ್ಪ ಮುಂದೆ, ಪೆಟ್ರೋಲ್ ಬಂಕ್ ಹತ್ತಿರ. ಅಲ್ಲಿಗೇ ಬಿಡಲಿಕ್ಕಾಗ್ತದಾ?"

೨. ಅತ್ತೆಯ ಅಪ್ಪಣೆ

ರಸ್ತೆಯಿಲ್ಲದ ಬೆಟ್ಟದ ಹಳ್ಳಿಯಿಂದ ಹೆರಿಗೆ ನೋವಿನ ಹೆಂಗಸನ್ನು ಆಸ್ಪತ್ರೆಗೆ ತರಬೇಕಿತ್ತು. ಜೊತೆಗೆ ಅವಳ ಅತ್ತೆಯೂ ಹತ್ತಿದಳು. ಅರ್ಧ ದಾರಿಯಲ್ಲಿ ಅತ್ತೆ ಪೈಲಟ್ಟನ ಭುಜ ತಟ್ಟಿ, ಮಗು ಬರುತ್ತಿದೆ, ನಿಲ್ಲಿಸು ಅಂದಳು. ಜೊತೆಗೆ ಬಂದಿದ್ದ ನರ್ಸೂ ಹೌದೆಂದಳು. ಪೈಲಟ್ ಬಯಲು ಹುಡುಕಿ ಇಳಿಸಿ, ಎಂಜಿನ್ ಆರಿಸಿ, ದೂರ ಹೋಗಿ ಬೆನ್ನು ಹಾಕಿ ನಿಂತ. ಮದುವೆಯಾಗದ ಹುಡುಗ. ಮಗುವಿನ ಅಳು ಕೇಳಿದ ಮೇಲೆ ಕಣ್ಣೊರೆಸಿಕೊಂಡು ಬಂದ. ಹೆಣ್ಣು ಮಗು, ತಾಯಿ ಕ್ಷೇಮ. ಮತ್ತೆ ಮೇಲೇರುತ್ತಿದ್ದಂತೆ ಅತ್ತೆ ಇನ್ನೊಮ್ಮೆ ಭುಜ ತಟ್ಟಿದಳು: "ಇನ್ನು ಆಸ್ಪತ್ರೆ ಯಾಕೆ? ಖಲಾಸ್ ಆಯಿತಲ್ಲ. ಮನೆಗೆ ತಿರುಗಿಸು."

೩. ಗಾಯಾಳು

ಒಮ್ಮೆ ತಾಲೀಮಿಗೆ ಒಬ್ಬ ಗಾಯಾಳು ಬೇಕಾಯಿತು. ಸಪೂರ ಇದ್ದೇನೆ, ಎತ್ತಲು ಸುಲಭ ಅಂತ ನನ್ನನ್ನೇ ಆರಿಸಿದರು. ತಲೆಗೆ ಬ್ಯಾಂಡೇಜು ಸುತ್ತಿ, ಅದಕ್ಕೆ ಕೆಂಪು ಶಾಯಿ ಸುರಿದು, ಒಣಹಳ್ಳದಲ್ಲಿ ಮಲಗಿಸಿ ಹೋದರು. ಹೆಲಿಕಾಪ್ಟರ್ ಬಂದು ನನ್ನನ್ನು ಹುಡುಕಬೇಕು.

ಅದಕ್ಕೆ ಮೊದಲೇ ಆ ದಾರಿಯಲ್ಲಿ ಒಬ್ಬ ಒಮಾನಿ ಅಜ್ಜ ಪಿಕಪ್ಪಿನಲ್ಲಿ ಬಂದ. ನನ್ನನ್ನು ಕಂಡದ್ದೇ ಅವನ ಕಣ್ಣಲ್ಲಿ ನೀರು. ನನಗೆ ಗೊತ್ತಿದ್ದ ಹರಕು ಅರಬಿಯಲ್ಲಿ, ಇದು ರಕ್ತವಲ್ಲ ಶಾಯಿ, ನಾನು ಪೊಲೀಸರ ಕಡೆಯವನು ಅಂದೆ. ತಲೆಗೆ ಪೆಟ್ಟು ಬಿದ್ದು ಏನೇನೋ ಬಡಬಡಿಸುತ್ತಿದ್ದಾನೆ ಅಂದುಕೊಂಡು ಅಜ್ಜ ನನ್ನನ್ನು ಮಗುವಿನ ಹಾಗೆ ಎತ್ತಿ ಗಾಡಿಯಲ್ಲಿ ಮಲಗಿಸಿ ಮನೆಗೆ ಒಯ್ದ. ದಿಂಬು ಕೊಟ್ಟ, ಖರ್ಜೂರ ತಿನ್ನಿಸಿದ, ಡಾಕ್ಟರನ್ನು ಕರೆತರಲು ಮಗನನ್ನು ಓಡಿಸಿದ.

ಅತ್ತ ಹಳ್ಳದಲ್ಲಿ ಗಾಯಾಳುವೇ ನಾಪತ್ತೆ. ತಾಲೀಮು ಹೋಗಿ ನಿಜವಾದ ಹುಡುಕಾಟ ಶುರುವಾಯಿತು. ನನ್ನ ತಲೆಯ ಮೇಲೇ ಹೆಲಿಕಾಪ್ಟರ್ ಸುತ್ತುತ್ತಿದ್ದರೂ ಅಜ್ಜ ಏಳಲು ಬಿಡಲಿಲ್ಲ. ಕೊನೆಗೆ ದಾರಿಯಲ್ಲಿ ಅವನ ಮಗ ಹೆಲಿಕಾಪ್ಟರಿಗೆ ಕೈಬೀಸಿ ಮನೆಯ ಕಡೆ ತೋರಿಸಿದ. ಹೆಲಿಕಾಪ್ಟರ್ ಮನೆಯ ಹಿಂದೆ ಇಳಿಯಿತು. ಪೈಲಟ್ ಎಲ್ಲ ವಿವರಿಸಿದಾಗ ಅಜ್ಜ ಹೊಟ್ಟೆ ಹಿಡಿದು ನಕ್ಕ. ಆದರೆ ಮನೆಗೆ ಬಂದವರನ್ನು ಊಟವಿಲ್ಲದೆ ಕಳಿಸುವುದಿಲ್ಲ ಎಂದು ಬಾಗಿಲಲ್ಲೇ ನಿಂತುಬಿಟ್ಟ. ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಕೂತೆವು.

ಅಷ್ಟರಲ್ಲಿ, ಜೀಪಿನಲ್ಲಿ ನನ್ನನ್ನು ಹುಡುಕುತ್ತಿದ್ದ ಅಧಿಕಾರಿ ವಾಕಿಟಾಕಿಯಲ್ಲಿ ಗಾಬರಿಯಿಂದ ಗಾಯಾಳುವಿನ ಸ್ಥಿತಿ ಕೇಳಿದರು. ಪೈಲಟ್ ನನ್ನನ್ನು ನೋಡಿ, ಬಾಯಿಯ ತುತ್ತು ನುಂಗಿ, ಗಂಭೀರವಾಗಿ ಉತ್ತರ ಕೊಟ್ಟ:

"ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದಾರೆ, ಸರ್."