ಕಾರು ನಿಲ್ಲಿಸುವ ಜಾಗದಲ್ಲಿ ಬಾಸ್ಕೆಟ್‌ಬಾಲ್

ಗೆಲ್ಲುವ ಟೀಮಿನ ಅಭಿಮಾನಿಗಳಿಗೆ ಹೇಳಲಿಕ್ಕೆ ಎಂತ ಇರ್ತದೆ ಮಾರಾಯ್ರೆ? ಗೆದ್ದರು, ಚಪ್ಪಾಳೆ ತಟ್ಟಿದರು, ಮನೆಗೆ ಹೋದರು. ಸೋಲುವ ಟೀಮಿನ ಹಿಂದೆ ಬಿದ್ದವರಿಗೆ ಹಾಗಲ್ಲ, ಮ್ಯಾಚಿಗೊಂದು ಕಥೆ. ತೊಂಬತ್ತರ ದಶಕದ ಕೊನೆಗೆ ನಾನು ದುಬೈಯ ಒಂದು ಸಣ್ಣ ಕಾಲೇಜಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ನಾನು ಪುತ್ತೂರಿನವಳು, ಬಾಸ್ಕೆಟ್‌ಬಾಲ್ ಎಂದರೆ ಕೈಯಲ್ಲಿ ಆಡುವುದೋ ಕಾಲಲ್ಲಿ ಆಡುವುದೋ ಅದೂ ಗೊತ್ತಿರಲಿಲ್ಲ. ಆದರೆ ನಮ್ಮ ಹುಡುಗರು ಸೋತು ಸೋತು ನನ್ನನ್ನು ಅಭಿಮಾನಿ ಮಾಡಿಬಿಟ್ಟರು. ನಾನು ಸೇರಿದ ಮೇಲೆ ಎರಡು ವರ್ಷ ಅವರು ಒಂದೇ ಒಂದು ಮ್ಯಾಚೂ ಗೆದ್ದಿರಲಿಲ್ಲ.

೧. ವೀಸಾದಲ್ಲಿ ಬರೆದದ್ದು

ಗಲ್ಫಿನಲ್ಲಿ ವೀಸಾದಲ್ಲಿರುವ ಕೆಲಸ ಒಂದು, ಮಾಡುವ ಕೆಲಸ ಇನ್ನೊಂದು. ನನ್ನ ಗಂಡ ವೀಸಾದಲ್ಲಿ ಬಡಗಿ. ನಿಜಕ್ಕೆ ಅಬುಧಾಬಿ ಕಡೆಯ ಮುಸಫ್ಫಾದ ಒಂದು ಕಂಪನಿಯಲ್ಲಿ ಗುಮಾಸ್ತ. ಮನೆಯಲ್ಲಿ ಕ್ಯಾಲೆಂಡರಿಗೆ ಮೊಳೆ ಹೊಡೆಯುವವಳು ನಾನು.

ನಮ್ಮ ಕೋಚ್ ಮಾಸ್ಟ್ರದೂ ಅದೇ ಕಥೆ. ಧಾರವಾಡದ ಕಡೆಯವರು, ಕಬಡ್ಡಿಯಲ್ಲಿ ಹೆಸರು ಮಾಡಿದವರು. ಕಾಲೇಜಿನಲ್ಲಿ ಖಾಲಿ ಇದ್ದದ್ದು ಬಾಸ್ಕೆಟ್‌ಬಾಲ್ ಕೋಚಿನ ವೀಸಾ, ಅದರಲ್ಲೇ ಬಂದಿಳಿದರು. ನಾನು ನೋಡಿದ ಮೊದಲನೇ ಮ್ಯಾಚಿನಲ್ಲಿ ಅವರು ಅಂಚಿನಲ್ಲಿ ನಿಂತು ತೊಡೆ ತಟ್ಟಿ ಕೂಗುತ್ತಿದ್ದರು: "ಹಿಡೀರಿ! ಸೊಂಟಾ ಹಿಡೀರಿ! ಗೆರಿ ದಾಟಾಕ ಬಿಡಬ್ಯಾಡ್ರಿ!"

ನಮ್ಮ ಹುಡುಗರಿಗೆ ಕನ್ನಡ ಬಾರದಿದ್ದರೂ ಮಾಸ್ಟ್ರ ಕೈಸನ್ನೆ ಅರ್ಥ ಆಗ್ತಿತ್ತು. ಎದುರಿನ ಕ್ಯಾಪ್ಟನ್ ಚೆಂಡು ತಂದ ಕೂಡಲೇ ಮೂವರು ಸೇರಿ ಸೊಂಟ ಹಿಡಿದರು. ಐದು ಫೌಲಾದವ ಹೊರಗೆ ಎಂಬ ನಿಯಮ ಉಂಟಂತೆ. ಆಟ ಮುಗಿಯುವಾಗ ನಮ್ಮ ಕಡೆ ಅಂಗಳದಲ್ಲಿ ಉಳಿದದ್ದು ಇಬ್ಬರು.

"ಮಾಸ್ಟ್ರೇ, ಇದರಲ್ಲಿ ಹಿಡಿಯಲಿಕ್ಕಿಲ್ಲವಂತೆ," ಎಂದೆ.

ಅವರು ಬೆವರು ಒರೆಸಿಕೊಂಡು ಹೇಳಿದರು, "ಹಿಡಿಯಂಗಿಲ್ಲ ಅಂದ್ರ ಇಷ್ಟು ಮಂದಿ ಯಾಕ ಆಡ್ತಾರ್ರೀ?"

೨. ಪೊರ್ಬುಗಳ ಶಪಥ

ಟೀಮಿನ ಅತಿ ದೊಡ್ಡ ಅಭಿಮಾನಿ ನಮ್ಮ ಕ್ಯಾಂಟೀನಿನ ಪೊರ್ಬುಗಳು. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರನ್ನು ನಮ್ಮೂರಲ್ಲಿ ಹಾಗೆ ಕರೆಯುವುದು, 'ಗಳು' ಮರ್ಯಾದೆಗೆ. ಅರುವತ್ತರ ಹತ್ತಿರದ ಪ್ರಾಯ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರಾದರೂ ನನ್ನನ್ನು "ಅಕ್ಕಾ" ಎಂದೇ ಕರೆಯುವುದು. ಹುಡುಗರು ಸೋತು ಬಂದಾಗ ಅವರಿಗೆ ಬಿಸಿ ಗೋಳಿಬಜೆ, ಚಹಾ ಕೊಡುವವರು ಅವರೇ. ಬೈಯುವವರೂ ಅವರೇ.

ಪ್ರತಿ ಸೋಲಿಗೂ ಒಂದು ಶಪಥ. "ಅಕ್ಕಾ, ಖಲಾಸ್! ಇನ್ನು ಈ ದರಿದ್ರ ಟೀಮಿನ ಮ್ಯಾಚು ನೋಡಿದರೆ ನನಗೆ ನಾಯಿ ಹೆಸರಿಡಿ." ಮುಂದಿನ ಮ್ಯಾಚಿನಲ್ಲಿ ಮೊದಲ ಕುರ್ಚಿ ಹಿಡಿದು ಕೂತಿರುತ್ತಿದ್ದರು. ನಾನು ಮುಖ ನೋಡಿದರೆ, "ಇವತ್ತಿಗೊಂದು ಟಾಮಿ ಅಂತ ಕರೆಯಿರಿ ಮಾರಾಯ್ರೆ," ಎನ್ನುತ್ತಿದ್ದರು.

ಒಮ್ಮೆ ಅಲ್ಲೆಲ್ಲೋ ಮರುಭೂಮಿಯ ಮಧ್ಯೆ ಮದೀನತ್ ಜಾಯೆದಿನಲ್ಲಿ ಎಣ್ಣೆ ಕಂಪನಿಯ ಕೆಲಸಗಾರರ ಟೀಮಿನ ಜೊತೆ ಸ್ನೇಹದ ಮ್ಯಾಚು. ಬಸ್ಸಿನಲ್ಲಿ ಕೂತು ಕೂತು ಸೊಂಟ ಬಿದ್ದುಹೋಯಿತು. ಅಲ್ಲಿ ನಮ್ಮವರ ಆಟ ನೋಡಿ ಎದುರಿನವರ ಕಡೆಯ ಜನವೇ "ಮಿಸ್ಕೀನ್, ಮಿಸ್ಕೀನ್" ಎಂದು ಕನಿಕರಪಟ್ಟು ನಮಗೆ ಚಪ್ಪಾಳೆ ತಟ್ಟಲಿಕ್ಕೆ ಶುರು ಮಾಡಿದರು. ಕೊನೆಗೆ ಅವರ ಆಟಗಾರನೊಬ್ಬ ಚೆಂಡನ್ನು ನಮ್ಮವನ ಕೈಗೇ ಕೊಟ್ಟು, ದಾರಿ ಬಿಟ್ಟು ನಿಂತ. ನಮ್ಮವ ಎಸೆದ. ಬಲೆ ಬಿಡಿ, ಹಲಗೆಗೂ ತಾಗಲಿಲ್ಲ.

ಬಸ್ಸು ಅಬುಧಾಬಿ ದಾಟುವಾಗ ಪೊರ್ಬುಗಳು ನನ್ನ ಸೀಟಿನ ಕಡೆ ತಿರುಗಿದರು. ಆಮೇಲೆ ದೊಡ್ಡ ಉಸಿರು ಬಿಟ್ಟು ಹೇಳಿದರು, "ಅಕ್ಕಾ, ಸೋಲುವವರನ್ನು ನೋಡಿದ್ದೇನೆ. ಧರ್ಮಕ್ಕೆ ಕೊಟ್ಟದ್ದನ್ನೂ ಬೀಳಿಸಿಕೊಂಡವರನ್ನು ಇವತ್ತೇ ನೋಡಿದ್ದು."

೩. ಫ್ಲಾಪಿಯಲ್ಲಿದ್ದ ಭಾಷಣ

ನಮ್ಮ ಅಂಗಳದಲ್ಲಿ ಮ್ಯಾಚಾದರೆ ಕೊನೆಗೆ ಪ್ರಿನ್ಸಿಪಾಲರ ಭಾಷಣ. "ಸೋಲು ಮುಖ್ಯವಲ್ಲ, ಭಾಗವಹಿಸುವುದು ಮುಖ್ಯ. ವಿಜೇತರಿಗೆ ಅಭಿನಂದನೆ. ನಮ್ಮ ಹುಡುಗರು ಎದೆಗುಂದಬಾರದು." ಅದು ನನ್ನ ಫ್ಲಾಪಿಯಲ್ಲಿ ಇತ್ತು. ಪ್ರತಿ ಸಲ ಎದುರಿನ ಕಾಲೇಜಿನ ಹೆಸರು ಮಾತ್ರ ಬದಲಿಸಿ ಪ್ರಿಂಟ್ ತೆಗೆಯುವುದು. ಮ್ಯಾಚಿನ ಹಿಂದಿನ ದಿನವೇ ತೆಗೆದಿಡುತ್ತಿದ್ದೆ, ಅಷ್ಟು ಖಾತ್ರಿ!

ಒಂದು ಸಲ ಹೆಸರು ಬದಲಿಸಲಿಕ್ಕೆ ಮರೆತೆ. ಪ್ರಿನ್ಸಿಪಾಲರು ಕನ್ನಡಕ ಏರಿಸಿ, ಹೋದ ತಿಂಗಳು ಬಂದು ಹೋದ ಕಾಲೇಜಿಗೆ ಮನಸಾರೆ ಅಭಿನಂದನೆ ಹೇಳಿದರು. ಗೆದ್ದು ನಿಂತ ಹುಡುಗರು ಪಿಳಿಪಿಳಿ ಕಣ್ಣು ಬಿಟ್ಟರು. ಮರುದಿನ ಅಳುಮುಖ ಮಾಡಿಕೊಂಡು ಅವರ ಕೋಣೆಗೆ ಹೋದೆ.

ಅವರು ನಗುತ್ತಾ ಹೇಳಿದರು, "ಇರಲಿ ಬಿಡಮ್ಮ. ಅವರೂ ನಮ್ಮನ್ನು ಸೋಲಿಸಿದವರೇ ಅಲ್ವಾ?"

೪. ಕೆಮಿಸ್ಟ್ರಿ ಮೇಡಂ ಕಡಿಗೆ!

ಕೊನೆಗೆ ಚೇರ್ಮನ್ನರ ತಾಳ್ಮೆ ಮುಗಿಯಿತು. ಅವರೂ ನಮ್ಮ ಊರ ಕಡೆಯವರೇ, ಉಡುಪಿಯವರು. ಮುಖ ನೋಡಿ ಮಾತಾಡುವ ಜನ ಅಲ್ಲ, ಒಂದೇ ಮಾತು: "ಇನ್ನೊಂದು ಮ್ಯಾಚು. ಅದನ್ನೂ ಸೋತರೆ ಟೀಮು ಬಂದ್. ಆ ಅಂಗಳ ಪಾರ್ಕಿಂಗ್ ಆಗಲಿ."

ಪಾರ್ಕಿಂಗ್ ಎಂದರೆ ಹೊಸತಲ್ಲ. ಟೀಚರುಗಳೆಲ್ಲ ಮೊದಲೇ ಅಲ್ಲೇ ಕಾರು ನಿಲ್ಲಿಸುತ್ತಿದ್ದರು, ಹುಡುಗರು ಕಾರುಗಳ ಸಂದಿಯಲ್ಲೇ ಅಭ್ಯಾಸ ಮಾಡುತ್ತಿದ್ದರು. ಆದರೆ ಟೀಮು ಹೋದರೆ ಮಾಸ್ಟ್ರ ವೀಸಾ ಕ್ಯಾನ್ಸಲ್. ಅವರು ಆಗಷ್ಟೇ ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಂಡಿದ್ದರು. ಮಗು ಶಾಲೆಗೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ. "ಊರಿಗೆ ಹೋಗಿ ಏನಂತ ಹೇಳ್ಲಿರೀ ಮೇಡಂ?" ಎಂದು ಮಾಸ್ಟ್ರು ಕೇಳಿದಾಗ ನನಗೆ ನಿಜವಾಗಿ ಅಳು ಬಂತು. ಪೊರ್ಬುಗಳಂತೂ, "ಇದನ್ನು ನನ್ನ ಕಣ್ಣಿನಿಂದ ನೋಡಲಿಕ್ಕಾಗುವುದಿಲ್ಲ, ನಾನು ಬರುವುದಿಲ್ಲ," ಎಂದರು. ಈ ಸಲ ಟಾಮಿಯ ಮಾತೇ ಎತ್ತಲಿಲ್ಲ.

ಸೋಲು ಹೇಗೂ ಖಾತ್ರಿ ಎಂದು ಚೇರ್ಮನ್ನರು ಪಾರ್ಕಿಂಗ್ ಗೆರೆ ಎಳೆಯುವ ಪೇಂಟಿನವನಿಗೆ ಮೊದಲೇ ಹೇಳಿಕಳಿಸಿದರು, ಕಾಗದ ಬರೆದವಳು ನಾನು. ಮ್ಯಾಚು ಗುರುವಾರ ಸಂಜೆ, ಅವನು ಬರಬೇಕಾದದ್ದು ಶನಿವಾರ. ನಾನು ಹಿಂದೆ ವರಾಂಡಾಕ್ಕೆ ಬಣ್ಣ ಹೊಡೆಸಿದಾಗಿನ ಕಾಗದ ತೆಗೆದು ಜಾಗದ ಹೆಸರು ಬದಲಿಸಿ ಕಳಿಸಿದೆ. ಅದರಲ್ಲಿ "ಗುರುವಾರ ಬೆಳಿಗ್ಗೆ" ಎಂದು ಇದ್ದದ್ದು ಹಾಗೆಯೇ ಹೋಯಿತು. ಹಳೇ ಚಾಳಿ!

ಗುರುವಾರ ಸಂಜೆ ಹೊರಗೆ ಬಂದು ನೋಡುತ್ತೇನೆ, ಅಂಗಳ ತುಂಬ ಹಳದಿ ಗೆರೆ. ಸಾಲಾಗಿ ಕಾರಿನ ಚೌಕಗಳು. ಮಾಸಿದ ಹಳೇ ಬಿಳಿ ಗೆರೆ ಅದರ ಕೆಳಗೆ ಎಲ್ಲಿದೆಯೋ ದೇವರಿಗೇ ಗೊತ್ತು. ಎದುರಿನ ಟೀಮು ಆಗಲೇ ಬಸ್ಸಿನಿಂದ ಇಳಿಯುತ್ತಿತ್ತು.

ಆಟ ಶುರುವಾಯಿತು. ಎದುರಿನ ಹುಡುಗರು ಹಳದಿ ಗೆರೆ ಕಂಡಲ್ಲೆಲ್ಲ ತಡೆದು ನಿಲ್ಲುತ್ತಿದ್ದರು. ಚೆಂಡು ಎಸೆಯುವ ಮೊದಲು ಕಾಲ ಬುಡ ನೋಡುತ್ತಿದ್ದರು. ಎದುರಿನ ಕ್ಯಾಪ್ಟನ್ ಯಾರೋ ಡ್ರೈವರ್ ಬರುತ್ತಾನೆ ಎಂಬಂತೆ ಚೌಕದೊಳಗೇ ಕಾದು ನಿಂತ. ನಮ್ಮವರಿಗೆ ಎಂತ ಗಲಿಬಿಲಿ? ಅವರು ಬಿಳಿ ಗೆರೆಯನ್ನು ಯಾವತ್ತು ಗೌರವಿಸಿದ್ದರು! ದಿನಾ ಯಾರ ಕಾರು ಎಲ್ಲಿ ನಿಲ್ಲುತ್ತದೆ ಎಂದು ಮಾತ್ರ ಬಾಯಿಪಾಠ. ಮಾಸ್ಟ್ರಿಗೆ ಅದು ಹೊಳೆದದ್ದೇ ತಡ, ಕುಣಿಯಲಿಕ್ಕೆ ಶುರು. "ಪ್ರಿನ್ಸಿಪಾಲರ ಜಾಗಕ್ಕ ಓಡು! ಕೆಮಿಸ್ಟ್ರಿ ಮೇಡಂ ಕಡಿಗೆ ಎಸಿ! ಲೈಬ್ರರಿ ಸರ್ ಹತ್ರ ತಿರುಗು!" ಕನ್ನಡ ಬಾರದಿದ್ದರೂ ನಮ್ಮ ಹುಡುಗರಿಗೆ ಹೆಸರು ಕೇಳಿದರೆ ಸಾಕಿತ್ತು, ಎದುರಿನವರಿಗೆ ತಲೆಬುಡ ತಿಳಿಯಲಿಲ್ಲ. ಎರಡು ಪಾಯಿಂಟಿನಲ್ಲಿ ಗೆದ್ದೆವು ಮಾರಾಯ್ರೆ, ಗೆದ್ದೇಬಿಟ್ಟೆವು!

ಗೆದ್ದ ಮೇಲೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿಲ್ಲ. ನಮ್ಮ ಕ್ಯಾಪ್ಟನ್ ಅಭ್ಯಾಸಬಲದಿಂದ ಎದುರಿನವನ ಕೈ ಕುಲುಕಿ "ಕಂಗ್ರಾಜುಲೇಶನ್ಸ್" ಎಂದ. ಹುಡುಗರು ತಬ್ಬಿಕೊಂಡು ಅತ್ತರು, ಮಾಸ್ಟ್ರು ನೆಲದಲ್ಲಿ ಕೂತು ಅತ್ತರು, ನಾನೂ ಅತ್ತೆ. ಪ್ರಿನ್ಸಿಪಾಲರ ಕೈಯಲ್ಲಿದ್ದದ್ದು ಅದೇ ಪ್ರಿಂಟು. ಬೇರೆ ಇರಲಿಲ್ಲ, ಅದನ್ನೇ ಓದಿದರು: "ಸೋಲು ಮುಖ್ಯವಲ್ಲ..."

ಅಷ್ಟರಲ್ಲಿ ಚಹಾದ ಕೆಟ್ಲು, ಗೋಳಿಬಜೆಯ ತಟ್ಟೆ ಹಿಡಿದು ಪೊರ್ಬುಗಳು ಬಂದರು. ಮಾತಿಗೆ ತಪ್ಪದೆ ಒಳಗೇ ಕೂತಿದ್ದವರು. ಕಣ್ಣಿಗೆ ಕಂಡದ್ದು ಅಳುವ ಹುಡುಗರು, ನೆಲಕ್ಕೆ ಕುಸಿದ ಮಾಸ್ಟ್ರು. ಕಿವಿಗೆ ಬಿದ್ದದ್ದು ಆ ಭಾಷಣ. ತಟ್ಟೆ ನನ್ನ ಕೈಗೆ ತುರುಕಿ, ಮ್ಯಾಚು ನೋಡಲು ಬಂದಿದ್ದ ಚೇರ್ಮನ್ನರ ಎದುರು ಸೀದಾ ಹೋಗಿ ನಿಂತರು.

"ನಿಮಗೆ ಕರುಳು ಉಂಟಾ? ಕಾರಿಗೆ ನೆರಳು ಬೇಕು, ಈ ಮನುಷ್ಯನ ಹೆಂಡತಿ ಮಕ್ಕಳು ಬಿಸಿಲಿಗೆ ಹೋಗಲಿ ಅಂತಲಾ? ನಾಳೆಯಿಂದ ನನ್ನ ಕ್ಯಾಂಟೀನೂ ಮಾಫಿ, ಬಂದ್! ಬೇರೆಯವರ ಚಹಾ ಕುಡಿಯಿರಿ!"

ನಾನು ಅವರ ಅಂಗಿ ಎಳೆದೆ. "ಪೊರ್ಬುಗಳೇ, ನಾವು ಗೆದ್ದಿದ್ದೇವೆ!"

"ಎಂತದು?"

"ಗೆದ್ದದ್ದು!"

ಅವರು ಸ್ಕೋರಿನ ಬೋರ್ಡು ನೋಡಿದರು. ಚೇರ್ಮನ್ನರನ್ನು ನೋಡಿದರು. ಆಮೇಲೆ ನನ್ನ ಮೇಲೆಯೇ ಹರಿಹಾಯ್ದರು, "ಎರಡು ವರ್ಷ ಬಂದು ಬಂದು ಕೂತೆ. ನಾನಿಲ್ಲದ ದಿನವೇ ಗೆಲ್ಲಬೇಕಿತ್ತಾ ಇವರಿಗೆ?"

ಚೇರ್ಮನ್ನರು ಗೋಳಿಬಜೆ ಒಂದು ಬಾಯಿಗೆ ಹಾಕಿ ಹೇಳಿದರು, "ಮಾಸ್ಟ್ರು ಇರಲಿ, ಗೆರೆಯೂ ಇರಲಿ. ಪೊರ್ಬುಗಳು ಮಾತ್ರ ಇನ್ನು ಮ್ಯಾಚು ನೋಡುವುದು ಬೇಡ."

ಹುಡುಗರು ಅದನ್ನು ವೇದವಾಕ್ಯ ಮಾಡಿಕೊಂಡರು. ಮುಂದಿನ ಮ್ಯಾಚಿಗೆ ಪೊರ್ಬುಗಳನ್ನು ಕ್ಯಾಂಟೀನಿನಲ್ಲಿ ಕಿಟಕಿಗೆ ಬೆನ್ನು ಹಾಕಿಸಿ ಕೂರಿಸಿದರು. ಆದರೂ ಮೂವತ್ತು ಪಾಯಿಂಟಿನಲ್ಲಿ ಸೋತೆವು. ಎಲ್ಲರೂ ನುಗ್ಗಿ ಹೋಗಿ ಜೋರು ಮಾಡಿದರು, "ಅಂಕಲ್, ನೀವು ನೋಡಿದ್ರಿ!"

"ಮೇರಿ ಮಾತೆಯ ಆಣೆ, ನಾನು ತಿರುಗಲೇ ಇಲ್ಲ," ಎಂದರು ಪೊರ್ಬುಗಳು.

ನಾನು ಅವರ ಎದುರಿಗಿದ್ದ ಚಹಾದ ದೊಡ್ಡ ಸ್ಟೀಲ್ ಡ್ರಮ್ ನೋಡಿದೆ. ವರ್ಷಗಟ್ಟಲೆ ಕಪ್ಪು ಹಿಡಿದಿದ್ದ ಡ್ರಮ್ಮನ್ನು ಹುಣಸೆಹುಳಿ ಹಾಕಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟಿದ್ದರು. ಅದರಲ್ಲಿ ಇಡೀ ಅಂಗಳ, ಹಳದಿ ಗೆರೆ ಸಮೇತ ಕಾಣುತ್ತಿತ್ತು.

"ಪೊರ್ಬುಗಳೇ..." ಎಂದೆ.

ಅವರು ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು, "ಟಾಮಿ ಅನ್ನಿ ಅಕ್ಕಾ."