ಎಲ್ಲರಿಗೂ ಏಳು ಏಳು ಏಳು

ಯಾರಿಗೂ ‘ಇಲ್ಲ’ ಅನ್ನಲು ಬಾರದ ಸ್ವಭಾವ ನನ್ನದು. ಬಹಳ ಕಾಲ ಇದನ್ನು ಔದಾರ್ಯ ಅಂದುಕೊಂಡಿದ್ದೆ. ಬರೀ ಸೋಮಾರಿತನ ಅನ್ನುವುದು ನನ್ನ ಹೆಂಡತಿಯ ಅಭಿಪ್ರಾಯ. ಎದುರುಮನೆಯವರಿಗೆ ಬೇಕಾದೀತೆಂದು ಸ್ಕೂಟರಿನ ಕೀಲಿಯನ್ನು ಅದರಲ್ಲೇ ಬಿಟ್ಟಿರುತ್ತೇನೆ, ಎದ್ದು ಹೋಗಿ ಕೊಡುವ ಕೆಲಸ ತಪ್ಪುತ್ತದಲ್ಲ. ಈ ಗುಣ ಮನೆಯಲ್ಲಿದ್ದಷ್ಟು ದಿನ ಯಾರಿಗೂ ಅಪಾಯವಿರಲಿಲ್ಲ. ತುಮಕೂರಿನ ನಮ್ಮ ವಾರಪತ್ರಿಕೆಯ ಕಚೇರಿಗೂ ಅದನ್ನು ಕೊಂಡೊಯ್ದೆ ನೋಡಿ, ಗಟ್ಟಿಮುಟ್ಟಾಗಿದ್ದ ಮನುಷ್ಯರೊಬ್ಬರು ಒಂದು ದಿನದ ಮಟ್ಟಿಗೆ ತೀರಿಕೊಂಡರು.

ಪತ್ರಿಕೆಯಲ್ಲಿ ನಾನು ಹಿರಿಯ ಉಪಸಂಪಾದಕ. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಎಳೆದು ತೆಗೆದಿದ್ದಕ್ಕೆ ಕಂಪ್ಯೂಟರ್ ಪಂಡಿತನೆಂಬ ಹೆಸರು ಬಂದು, ಲಿನಕ್ಸ್ ಸರ್ವರಿನ ಉಸ್ತುವಾರಿಯೂ ನನಗೇ ಅಂಟಿಕೊಂಡಿತು. ನಮ್ಮ ಪುಟಗಳೆಲ್ಲ ಇರುವುದು ಆ ಒಂದು ಪೆಟ್ಟಿಗೆಯಲ್ಲಿ. ಯಾವ ಫೈಲನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಅದಕ್ಕೆ ಮೂರು ಅಂಕಿಗಳಲ್ಲಿ ಹೇಳಬೇಕು. ಫೈಲಿನ ಒಡೆಯನಿಗೊಂದು, ಅವನ ಗುಂಪಿಗೊಂದು, ಉಳಿದ ಲೋಕಕ್ಕೆಲ್ಲ ಒಂದು. ಏಳು ಎಂದರೆ ಏನು ಬೇಕಾದರೂ ಮಾಡಿಕೊಳ್ಳಿ ಎಂದರ್ಥ. “ಸರ್, ಫೈಲ್ ಓಪನ್ ಆಗ್ತಿಲ್ಲ” ಎಂದು ಯಾರಾದರೂ ಕೂಗಿದರೆ ಸಾಕು, ನಾನು ಕೂತಲ್ಲಿಂದಲೇ ಏಳು ಏಳು ಏಳು ಎಂದು ಹೊಡೆಯುತ್ತಿದ್ದೆ. ಮಲಗಿದ್ದವನನ್ನು ಗದರಿಸಿ ಎಬ್ಬಿಸಿದ ಹಾಗೆ ಫೈಲು ತಟ್ಟನೆ ಏಳುತ್ತಿತ್ತು. ಎಲ್ಲರೂ ಹೊಗಳುತ್ತಿದ್ದರು.

ಆ ವಾರ ಗುಬ್ಬಿ ಪುಟದಲ್ಲಿ ಬಟ್ಟೆ ಅಂಗಡಿಯ ಗಂಗಾಧರಯ್ಯನವರಿಗೆ ಅರವತ್ತನೇ ಹುಟ್ಟುಹಬ್ಬದ ಶುಭಾಶಯ, ನಗುಮುಖದ ಫೋಟೋ ಸಮೇತ. ಕುಣಿಗಲ್ ಪುಟದ ವರದಿಗಾರ ಶಿವಣ್ಣನಿಗೆ ಮಾರ್ಕೋನಹಳ್ಳಿಯ ಯಾರದೋ ಶ್ರದ್ಧಾಂಜಲಿ ಹಾಕಬೇಕಿತ್ತು. ಚೌಕಟ್ಟು ಚೆನ್ನಾಗಿದೆಯೆಂದು ಆತ ಗುಬ್ಬಿ ಪುಟವನ್ನೇ ತೆರೆದು, ‘ಹುಟ್ಟುಹಬ್ಬದ ಶುಭಾಶಯಗಳು’ ಅಳಿಸಿ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಟೈಪು ಮಾಡಿದ. ಹೆಸರು, ಫೋಟೋ ಬದಲಿಸುವ ಮೊದಲೇ ಫೋನು ಬಂತು. ಮಾತಾಡುತ್ತಲೇ ಸೇವ್ ಒತ್ತಿ ಎದ್ದುಹೋದ. ಗುಬ್ಬಿ ಪುಟದ ಪ್ರೂಫ್ ಅಷ್ಟರಲ್ಲಿ ಮುಗಿದಿದ್ದರಿಂದ ಅದನ್ನು ಮತ್ತೆ ಯಾರೂ ತೆರೆಯಲಿಲ್ಲ. ತಡೆಯಬೇಕಿದ್ದ ಸರ್ವರಿನ ಬಾಯನ್ನು ಏಳು ಏಳು ಏಳು ಹೊಡೆದು ನಾನೇ ಕಟ್ಟಿಹಾಕಿದ್ದೆ.

ಪತ್ರಿಕೆ ಹೊರಬಂದ ದಿನ ಮಧ್ಯಾಹ್ನ ಗಂಗಾಧರಯ್ಯನವರೇ ನಮ್ಮ ಮೆಟ್ಟಿಲು ಹತ್ತಿ ಬಂದರು. ಕೂಗಾಡುತ್ತಾರೆ ಅಂದುಕೊಂಡೆ. ಅವರು ಕುರ್ಚಿಯಲ್ಲಿ ಕೂತು ನೀರು ಕೇಳಿದರು.

“ಪೇಪರ್ ನೋಡಿ ಕುಣಿಗಲ್‌ನಿಂದ ನಮ್ಮಕ್ಕ ಬಸ್ಸಲ್ಲಿ ಅಳ್ತಾ ಅಳ್ತಾ ಬಂದವ್ಳೆ ಕಣ್ರೀ. ಎಪ್ಪತ್ತು ದಾಟೈತೆ ಅವ್ಳಿಗೆ. ಬಾಗ್ಲು ತೆಗ್ದೋನು ನಾನೇ. ನನ್ ಮುಖ ನೋಡಿ ಹೊಸ್ಲಲ್ಲೇ ಕುಸ್ದು ಕೂತ್ಬುಟ್ಲು. ಏನಾರ ಹೆಚ್ಚುಕಮ್ಮಿ ಆಗಿದ್ರೆ?”

ಬೇರೆ ಪತ್ರಿಕೆಯ ಕತೆಯಾಗಿದ್ದರೆ ನಗುತ್ತಿದ್ದೆನೇನೋ. ತಪ್ಪು ನಂದೇ ಎಂದು ಕೈಮುಗಿದೆ.

ಮರುದಿನ ಸಂಪಾದಕರು ಸರ್ವರನ್ನು ತಬಸ್ಸುಮ್‌ಗೆ ಒಪ್ಪಿಸಿದರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಸದಾಶಿವನಗರದ ಹುಡುಗಿ, ಮಾತು ಕಡಿಮೆ. ಬಂದವಳೇ ಕೀಬೋರ್ಡು ಕುಟ್ಟುತ್ತಾಳೆಂದು ನಾನು ಕಾದರೆ, ಎರಡು ದಿನ ಅದನ್ನು ಮುಟ್ಟಲೇ ಇಲ್ಲ. ನೋಟ್‌ಬುಕ್ಕು ಹಿಡಿದು ಒಬ್ಬೊಬ್ಬರ ಮೇಜಿಗೂ ಹೋಗಿ, ನೀವು ಏನು ಕೆಲಸ ಮಾಡ್ತೀರಾ, ಯಾವ್ಯಾವ ಫೈಲು ಬೇಕಾಗುತ್ತೆ ಎಂದು ಕೇಳಿ ಬರೆದುಕೊಂಡಳು. ಅಲ್ಲಿಯವರೆಗೆ ನಮ್ಮನ್ನು ಯಾರೂ ಹಾಗೆ ಕೇಳಿರಲಿಲ್ಲ.

“ಮೂರು ಅಂಕಿಲಿ ಇಷ್ಟು ಜನಾನ ಹಿಡಿಯೋಕಾಗಲ್ಲ ಸರ್,” ಎಂದಳು. “ಶಿವಣ್ಣ ಸರ್ ಗುಬ್ಬಿ ಪುಟ ಓದ್ಬೇಕು, ಆದ್ರೆ ತಿದ್ದಬಾರ್ದು. ಪ್ರೂಫ್ ನೋಡೋರು ಎರಡೂ ಪುಟ ತಿದ್ದಬೇಕು. ಜಾಹೀರಾತಿನೋರಿಗೆ ಎರಡೂ ಬೇಡ. ಒಬ್ಬೊಬ್ರ ಹೆಸರು ಹಿಡ್ದು ಹೇಳ್ಬೇಕು. ಅದಕ್ಕೇ ಆಕ್ಸೆಸ್ ಕಂಟ್ರೋಲ್ ಲಿಸ್ಟ್ ಇರೋದು.”

ಹೆಸರು, ಅದರ ಪಕ್ಕದಲ್ಲಿ ಓದು ಅಥವಾ ಬರೆ ಎಂಬ ಒಂದೆರಡು ಅಕ್ಷರ, ಅಷ್ಟೇ. ಒಂದೊಂದು ಸಾಲಿನಲ್ಲಿ ಒಬ್ಬೊಬ್ಬರ ಕೆಲಸಕ್ಕೆ ಅಳತೆ ತೆಗೆದು ಹೊಲಿದಂತಿತ್ತು. ಮುಂದಿನ ವಾರ ಹುಟ್ಟಲಿರುವ ಫೈಲುಗಳಿಗೂ ಇದೇ ನಿಯಮ ತಾನಾಗಿ ಬರಲೆಂದು ಫೋಲ್ಡರಿಗೇ ಹೇಳಿಟ್ಟಳು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ಮರುವಾರವೇ ಶಿವಣ್ಣ ಹಳೇ ಚಾಳಿಯಲ್ಲಿ ಗುಬ್ಬಿ ಪುಟ ತೆರೆದು, ಏನೋ ಬದಲಿಸಿ ಸೇವ್ ಒತ್ತಿದ. ಅನುಮತಿಯಿಲ್ಲ ಎಂದಿತು ಸರ್ವರು.

“ಏನಮ್ಮ, ನಮ್ಮಾಫೀಸಲ್ಲೇ ನಂಗೆ ಆಗಲ್ಲ ಅಂತೈತಲ್ಲ ಇದು!”

“ಓದೋಕೆ ಬೇಡ ಅಂದಿಲ್ಲ ಸರ್. ಕಾಪಿ ತಗೊಂಡು ನಿಮ್ಮ ಫೋಲ್ಡರಲ್ಲಿ ಹಾಕ್ಕೊಳಿ, ಅಲ್ಲಿ ನಿಮ್ದೇ ರಾಜ್ಯ.”

ಶಿವಣ್ಣ ಹಾಗೇ ಮಾಡಿದ. ಮುಖ ಕೂಡ ಊದಿಸಿಕೊಳ್ಳಲಿಲ್ಲ. ಯಾರ ಮನಸ್ಸೂ ನೋಯದಂತೆ ಇಲ್ಲ ಅನ್ನುವ ವಿದ್ಯೆಯನ್ನು ಈ ವಯಸ್ಸಿನಲ್ಲಿ ನಾನು ಕಣ್ಣಾರೆ ಕಂಡೆ. ಅದೇ ಮೆಚ್ಚುಗೆಯಲ್ಲಿ ನನ್ನ ಹೆಸರೆಲ್ಲಿದೆ ತೋರಿಸು ಎಂದೆ. ತೋರಿಸಿದಳು. ಎಲ್ಲ ಪುಟಗಳಲ್ಲೂ ಇತ್ತು, ಬರೀ ಓದುವುದಕ್ಕೆ.

“ಅಲ್ಲಮ್ಮ, ಹಿರಿಯ ಉಪಸಂಪಾದಕ ನಾನು. ಒಂದು ಕಾಮಾನೂ ತಿದ್ದೋ ಹಾಗಿಲ್ವಾ?”

ತಬಸ್ಸುಮ್ ಗಾಬರಿಯಾಗಿ ನೋಟ್‌ಬುಕ್ಕು ತಿರುವಿದಳು. “ನೀವೇನ್ ಕೆಲಸ ಮಾಡ್ತೀರಾ ಅಂತ ಕೇಳಿದ್ದಕ್ಕೆ, ‘ಎಲ್ಲಾನೂ ನೋಡ್ಕೋತೀನಿ’ ಅಂದ್ರಿ ಸರ್. ಅದಕ್ಕೇ ಎಲ್ಲಾನೂ ನೋಡೋಕೆ ಕೊಟ್ಟಿದೀನಿ. ತಿದ್ದೋದೂ ಇದ್ರೆ ಹೇಳಿ, ಈಗ್ಲೇ ಹಾಕ್ತೀನಿ.”

ಈಚೆಗೆ ನಾನು ತಿದ್ದಿದ ಒಂದಾದರೂ ಪುಟವನ್ನು ನೆನಪಿಸಿಕೊಳ್ಳಲು ಪ್ರಾಮಾಣಿಕವಾಗಿ ಯತ್ನಿಸಿದೆ. ಮೇಜಿನ ಮೇಲಿದ್ದ ಕಾಫಿ ಆರಿಹೋಯಿತು.

“ಇರ್ಲಿ ಬಿಡಮ್ಮ,” ಎಂದೆ. ಅಂದಿನಿಂದ ನೋಡಿಕೊಳ್ಳುತ್ತಲೇ ಇದ್ದೇನೆ.